ಲೂಯಿಸಾ ಕೌಂಟಿಯ ಕೆಂಪು ಮಣ್ಣು

ಅಮೆರಿಕದ ವರ್ಜೀನಿಯಾಕ್ಕೆ ಬಂದ ಹೊಸದರಲ್ಲಿ ನನಗೆ ಮೊದಲು ಇಷ್ಟವಾದದ್ದು ಇಲ್ಲಿನ ಮಣ್ಣು. ರಸ್ತೆಗೆ ಅಗೆದಲ್ಲೆಲ್ಲ ಕೆಂಪು, ಥೇಟ್ ನಮ್ಮ ಬೆಂಗಳೂರು, ಕೋಲಾರದ ಕಡೆಯ ಹಾಗೆ. ಅದೇ ಖುಷಿಯಲ್ಲಿ ಹಿತ್ತಲಲ್ಲಿ ನಾಲ್ಕು ಟೊಮೇಟೊ, ಎರಡು ಬದನೆ ಗಿಡ ನೆಡೋಣ ಅಂತ ಹೊರಟೆ. ಮಳೆ ಬಂದರೆ ಸನಿಕೆಗೆ ಮೆತ್ತಿಕೊಳ್ಳುವ ಅಂಟು, ಬಿಸಿಲು ಬಂದರೆ ಇಟ್ಟಿಗೆ! ಗಿಡಗಳು ಗೇಣುದ್ದ ಬೆಳೆದು ಹಳದಿಯಾಗಿ ಕೂತುಬಿಟ್ಟವು.

ಈ ಮಣ್ಣಿನ ಹುಟ್ಟೇ ಹೀಗೆ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ ಅಂತ ಗೊತ್ತಾದದ್ದು ಇಲ್ಲೇ ರಿಚ್ಮಂಡಿನಿಂದ ವಾಯವ್ಯಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ಲೂಯಿಸಾ ಕೌಂಟಿಯ ಕಥೆ ಓದಿದಾಗ. (ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ತಾಲ್ಲೂಕು ಅಂದುಕೊಳ್ಳಿ.) 2011ರ ಆಗಸ್ಟ್ 23ರಂದು 5.8 ತೀವ್ರತೆಯ ಭೂಕಂಪ ಆದಾಗ ಅದರ ಕೇಂದ್ರವೂ ಇದೇ ಕೌಂಟಿ. ಆದರೆ ಅಲ್ಲಿನ ನೆಲಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸದ್ದಿಲ್ಲದೆ.

ಅಮೆರಿಕ ಸರ್ಕಾರ 1899ರಲ್ಲಿ ಕೌಂಟಿಗೊಂದರಂತೆ ಮಣ್ಣಿನ ಸರ್ವೆ ಶುರು ಮಾಡಿತು. 1905ರಲ್ಲಿ ಲೂಯಿಸಾಗೆ ಹೋದವರಲ್ಲಿ ಒಬ್ಬ ಹ್ಯೂ ಹ್ಯಾಮಂಡ್ ಬೆನೆಟ್. ವಯಸ್ಸು 24, ಕಾಲೇಜು ಮುಗಿಸಿ ಎರಡು ವರ್ಷ. ಜೊತೆಗಿದ್ದವನು ಮೆಕ್ಲೆಂಡನ್. ಅಲ್ಲಿ ಇಳುವರಿ ಯಾಕೆ ಬಿದ್ದುಹೋಗಿದೆ ಅಂತ ಕಂಡುಹಿಡಿಯುವುದು ಅವರ ಕೆಲಸ. ತಿರುಗುತ್ತಾ ಒಂದು ಕಡೆ ಅಕ್ಕಪಕ್ಕದ ಎರಡು ತುಂಡು ನೆಲ ನೋಡಿದರು. ಒಂದೇ ಇಳಿಜಾರು, ಅಡಿಯಲ್ಲಿ ಒಂದೇ ಬಂಡೆ. ಒಂದು ಕಾಡು, ಇನ್ನೊಂದು ಉಳುಮೆ ಮಾಡಿದ ಹೊಲ. ಕಾಡಿನ ಮಣ್ಣು ಬರಿಗೈಯಲ್ಲಿ ತೋಡುವಷ್ಟು ಮೆದು, ಒಳಗೆ ತೇವ. ಹೊಲದ್ದು ಕಲ್ಲಿನಂಥ ಜೇಡಿ. ದೊಡ್ಡ ಕೊರಕಲುಗಳೇನೂ ಬಿದ್ದಿರಲಿಲ್ಲ. ಪ್ರತಿ ಮಳೆಗೂ ಒಂದು ತೆಳು ಪದರದಂತೆ ಮೇಲ್ಮಣ್ಣೆಲ್ಲ ತೊಳೆದುಹೋಗಿತ್ತು, ಯಾರ ಕಣ್ಣಿಗೂ ಬೀಳದೆ.

ಅಂದರೆ ನಾನು ಬೈಯುತ್ತಿದ್ದ ಕೆಂಪು ಇಟ್ಟಿಗೆ ನಿಜವಾದ ಮೇಲ್ಮಣ್ಣೇ ಅಲ್ಲ. ಅದು ಅಡಿಮಣ್ಣು!

ಅದನ್ನು ತೊಳೆದದ್ದು ಮಳೆ, ತೊಳೆಯಲು ಬಿಟ್ಟದ್ದು ಹೊಗೆಸೊಪ್ಪು. 1742ರಲ್ಲಿ ಕೌಂಟಿ ಆದಾಗ ವರ್ಜೀನಿಯಾದಲ್ಲಿ ತಂಬಾಕೇ ದುಡ್ಡು. ಕಾಡು ಕಡಿಯುವುದು, ಮೂರ್ನಾಲ್ಕು ಬೆಳೆ ತೆಗೆಯುವುದು, ನೆಲ ಸೋತ ಮೇಲೆ ಮುಂದಿನ ಕಾಡಿಗೆ ಕೊಡಲಿ ಹಾಕುವುದು. ಕಡಿದವರು, ಅಗೆದವರು ಬಹುಪಾಲು ಗುಲಾಮರು, ಜಮೀನು ಮಾತ್ರ ಅವರದಲ್ಲ. ಬದು ಹಾಕಿ ನೀರು ನಿಲ್ಲಿಸುವ ತಾಳ್ಮೆ, ಹೊಸ ನೆಲ ಅಗ್ಗವಾಗಿ ಸಿಗುತ್ತಿದ್ದ ಧಣಿಗಳಿಗೆ ಯಾಕೆ ಬರಬೇಕು?

ತಮಾಷೆ ನೋಡಿ, ಬೆನೆಟ್ ಇದನ್ನೆಲ್ಲ ಕಂಡ ಮೇಲೂ, 1909ರಲ್ಲಿ ಅವನದೇ ಇಲಾಖೆಯ ಮುಖ್ಯಸ್ಥ ಮಿಲ್ಟನ್ ವಿಟ್ನಿ, ಮಣ್ಣು ಎಂದೂ ಮುಗಿಯದ, ನಾಶವಾಗದ ಸಂಪತ್ತು ಅಂತ ಬರೆದ. ನಮ್ಮ ಆಫೀಸುಗಳಲ್ಲೂ ಹೀಗೇ ತಾನೆ, ಬಗ್ ಕಣ್ಣೆದುರಿಗಿದ್ದರೂ ಮೇಲಿನವರ ಸ್ಲೈಡಿನಲ್ಲಿ ಎಲ್ಲ ಹಸಿರು :) ಬೆನೆಟ್ ಮಾತ್ರ ಬಿಡಲಿಲ್ಲ. 1928ರಲ್ಲಿ ಮಣ್ಣಿನ ಸವಕಳಿ ದೇಶಕ್ಕೇ ಗಂಡಾಂತರ ಅಂತ ಸರ್ಕಾರದ ಪ್ರಕಟಣೆಯಲ್ಲೇ ಬರೆದ. ದೂಳಿನ ಬಿರುಗಾಳಿಗಳ ಕಾಲದಲ್ಲಿ, 1935ರ ಏಪ್ರಿಲ್‌ನಲ್ಲಿ, ಮಣ್ಣು ಸಂರಕ್ಷಣೆಯ ಕಾನೂನು ಬಂತು. ಹೊಸ ಇಲಾಖೆಗೆ ಅವನೇ ಮೊದಲ ಮುಖ್ಯಸ್ಥನಾದ. ಲೂಯಿಸಾದ ಆ ಎರಡು ತುಂಡು ನೆಲದಿಂದ ಅಲ್ಲಿಗೆ ಮೂವತ್ತು ವರ್ಷ.

ಇದೇ ಕೌಂಟಿಯ ಪಶ್ಚಿಮಕ್ಕೆ ಗ್ರೀನ್ ಸ್ಪ್ರಿಂಗ್ಸ್ ಅಂತ ಒಂದು ಜಾಗ ಇದೆ, ಸುಮಾರು 14,000 ಎಕರೆ. ಅಲ್ಲಿ ಅಡಿಗಿರುವ ಬಂಡೆಯೇ ಬೇರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಕಪ್ಪು ಶಿಲೆ. ಹಾಗಾಗಿ ಮಣ್ಣು ಸುತ್ತಲಿನದಕ್ಕಿಂತ ಫಲವತ್ತು, ಹಳೆಯ ತೋಟದ ಮನೆಗಳೂ ಅಲ್ಲೇ ಉಳಿದಿವೆ. 1970ರ ದಶಕದ ಶುರುವಿನಲ್ಲಿ ಅಲ್ಲೊಂದು ಜೈಲು ಕಟ್ಟಲು ರಾಜ್ಯ ಸರ್ಕಾರ ಹೊರಟಿತ್ತು. ಊರವರು ಹಠ ಹಿಡಿದು ಹೋರಾಡಿದರು, ಜೈಲು ಬರಲಿಲ್ಲ. 1974ರಲ್ಲಿ ಆ ಪ್ರದೇಶ ರಾಷ್ಟ್ರೀಯ ಐತಿಹಾಸಿಕ ಸ್ಥಳವಾಯಿತು. ಅದೇ ಕಪ್ಪು ಶಿಲೆಯಲ್ಲಿ ವರ್ಮಿಕ್ಯುಲೈಟ್ ಕೂಡ ಇದೆ, ಅದರ ಗಣಿಗಾಗಿ ಬೇರೆಯೇ ಜಗಳ. ಕುಂಡದ ಮಣ್ಣು ಹಗುರಾಗಲಿ ಅಂತ ನರ್ಸರಿಯಿಂದ ಚೀಲದಲ್ಲಿ ತರುತ್ತೇವಲ್ಲ, ಆ ಹೊಳೆಯುವ ಚೂರುಗಳೇ ವರ್ಮಿಕ್ಯುಲೈಟ್. ಯಾರದೋ ಕೈತೋಟ ಹಸನಾಗಲು ಇನ್ಯಾರದೋ ಒಳ್ಳೆಯ ನೆಲ ಅಗೆಯಬೇಕು! ಗೊತ್ತಾದ ಮೇಲೆ ನಾನು ತರುವುದು ಬಿಟ್ಟೆ.

ಕೆಂಪು ಜೇಡಿಯಲ್ಲಿ ತರಕಾರಿ ಬೆಳೆಯಲು ಆಗುವುದೇ ಇಲ್ಲ ಅಂತಲ್ಲ. ಅದು ನೀರನ್ನು ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಹುಳಿಗುಣ ಜಾಸ್ತಿ, ಸುಣ್ಣ ಬೇಕು. (ವರ್ಜೀನಿಯಾದ ಎಡ್ಮಂಡ್ ರಫಿನ್ 1832ರಲ್ಲೇ ಇದರ ಮೇಲೆ ಒಂದು ಪುಸ್ತಕ ಬರೆದಿದ್ದ. ಮಣ್ಣಿನ ವಿಷಯದಲ್ಲಿ ಜಾಣ, ಗುಲಾಮಗಿರಿಯ ವಿಷಯದಲ್ಲಿ ಅದರ ಕಟ್ಟಾ ಬೆಂಬಲಿಗ.) ಜೇಡಿ ಸಡಿಲವಾಗಲಿ ಅಂತ ಮರಳು ಸುರಿದರೆ ಇನ್ನೂ ಗಟ್ಟಿ, ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ನಾನು ಮೊದಲ ವರ್ಷ ಮಾಡಿದ್ದೇ ಅದು. ಹಸಿ ಇರುವಾಗ ಅಗೆದರೆ ಹೆಂಟೆಗಳು ವರ್ಷವಿಡೀ ಕರಗುವುದಿಲ್ಲ. ಎಲೆ, ಕಾಂಪೋಸ್ಟ್, ಕೊಟ್ಟಿಗೆ ಗೊಬ್ಬರ ಹಾಕುತ್ತಲೇ ಇರಬೇಕು.

ಕಳೆದ ಅಕ್ಟೋಬರಿನಲ್ಲಿ ಲೂಯಿಸಾ ಕಡೆ ಹೋಗಿದ್ದೆ. ದಾರಿಬದಿಯ ಓಕ್ ಮರಗಳ ಕೆಳಗೆ ತರಗೆಲೆ ಸರಿಸಿ ಬೆರಳಿಟ್ಟೆ. ಮೇಲೆ ಕಂದು, ಎರಡು ಅಂಗುಲ ಕೆಳಗೆ ಮತ್ತೆ ಅದೇ ಕೆಂಪು. ಆ ಮರಗಳೂ ಯಾವುದೋ ಕೈಬಿಟ್ಟ ಹೊಲದ ಮೇಲೆ ಬೆಳೆದವೇ ಇರಬೇಕು. ಮನೆಗೆ ಬಂದು ನನ್ನ ಪಾತಿ ನೋಡಿದೆ. ಮೂರು ವರ್ಷ ಎಲೆಗೊಬ್ಬರ ಹಾಕಿದ್ದಕ್ಕೆ ಅಲ್ಲಿ ಕಂದು ಬಣ್ಣ ಅರ್ಧ ಅಂಗುಲ.