ಟಿಪ್ಸ್ ಅಲ್ಲ, ಅದು ಸಂಬಳ

ಅಮೆರಿಕಕ್ಕೆ ಮೊದಲ ಸಲ ಹೋದವರು ಹೋಟೆಲ್ ಬಿಲ್ ನೋಡಿ ಗಾಬರಿ ಆಗ್ತಾರೆ. ಊಟದ ದುಡ್ಡಿನ ಮೇಲೆ 15–20 ಪರ್ಸೆಂಟ್ ಟಿಪ್ಸ್ ಬೇರೆ ಕೊಡಬೇಕಾ? ಈ ಪದ್ಧತಿ ಅಲ್ಲಿ ಹೇಗೆ ಬೇರೂರಿತು ಅಂತ ತಿಳಿಯೋಕೆ ಒಂದು ರೈಲಿನ ಕಥೆ ಕೇಳಿ.

1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡಿತು. ಆಮೇಲೆ ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ತನ್ನ ಸ್ಲೀಪರ್ ಬೋಗಿಗಳಲ್ಲಿ ಹಾಸಿಗೆ ಹಾಸೋಕೆ, ಬೂಟು ಪಾಲಿಶ್ ಮಾಡೋಕೆ ಬಿಡುಗಡೆಯಾದ ಕಪ್ಪು ಜನರನ್ನು ಪೋರ್ಟರ್‌ಗಳಾಗಿ ಸೇರಿಸಿಕೊಂಡ. ಸಂಬಳ ತೀರಾ ಕಡಿಮೆ. ಉಳಿದದ್ದು ಪ್ರಯಾಣಿಕರ ಟಿಪ್ಸ್‌ನಿಂದ ಬರಲಿ ಅನ್ನೋದು ಲೆಕ್ಕ. ಎಷ್ಟೋ ಪ್ರಯಾಣಿಕರು ಅವರ ಹೆಸರನ್ನೂ ಕೇಳ್ತಿರಲಿಲ್ಲ. ಮಾಲೀಕನ ಹೆಸರಿಂದಲೇ ಎಲ್ಲರನ್ನೂ ‘ಜಾರ್ಜ್’ ಅಂತ ಕೂಗ್ತಿದ್ರು. ಸಿಟ್ಟು ಬಂದ್ರೂ ನಗಲೇಬೇಕು, ಯಾಕಂದ್ರೆ ಆ ಚಿಲ್ಲರೆಯಲ್ಲೇ ಮನೆ ನಡೀಬೇಕು.

1925ರಲ್ಲಿ ಈ ಪೋರ್ಟರ್‌ಗಳು ಎ. ಫಿಲಿಪ್ ರಾಂಡಾಲ್ಫ್ ನಾಯಕತ್ವದಲ್ಲಿ ಸಂಘ ಕಟ್ಟಿದರು. 12 ವರ್ಷ ಹೋರಾಡಿ, 1937ರಲ್ಲಿ ಸಂಬಳ ಹೆಚ್ಚಿಸುವ ಒಪ್ಪಂದಕ್ಕೆ ಕಂಪನಿಯಿಂದ ಸಹಿ ಹಾಕಿಸಿದರು.

ಆದ್ರೆ ಆ ಹಳೇ ಲೆಕ್ಕ ಪೂರ್ತಿ ಹೋಗಲಿಲ್ಲ. ಟಿಪ್ಸ್ ಪಡೆಯೋ ಕೆಲಸಗಾರರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ, ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ, 1991ರಿಂದ ಗಂಟೆಗೆ ಬರೀ 2.13 ಡಾಲರ್. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸ್ತವೆ, ನಿಜ. ಉಳಿದ ಕಡೆ ನೀವು ಟೇಬಲ್ ಮೇಲೆ ಇಡೋದು ಖುಷಿಗೆ ಕೊಡೋ ಭಕ್ಷೀಸಲ್ಲ, ಮಾಲೀಕ ಕೊಡದೇ ಉಳಿಸಿಕೊಂಡ ಸಂಬಳ.