ಮನೆಯೊಳಗಿನ ಪೆಟ್ಟಿಗೆ ಯಾರದು?

ಟೆಲಿಫೋನ್ ತಂತಿ ಮನೆಯೊಳಗೆ ಬಂದಾಗ ಅದರ ಜತೆಗೇ ಒಂದು ಪ್ರಶ್ನೆಯೂ ಬಂತು. ತಂತಿಯ ತುದಿಯಲ್ಲಿ ಯಾವ ಉಪಕರಣ ಇರಬೇಕೆಂದು ನಿರ್ಧರಿಸುವವರು ಮನೆಯವರೋ, ಕಂಪೆನಿಯೋ? ದೀಪ, ಬೀಗ, ಹೀಟರ್‌ಗಳನ್ನು ಮೊಬೈಲ್‌ನಿಂದಲೇ ನಡೆಸುವ ‘ಸ್ಮಾರ್ಟ್ ಹೋಮ್’ ಕಾಲದಲ್ಲೂ ಆ ಪ್ರಶ್ನೆ ಬಗೆಹರಿದಿಲ್ಲ.

ಅಮೆರಿಕದಲ್ಲಿ ಎ.ಟಿ. ಅಂಡ್ ಟಿ. ಕಂಪೆನಿ ದಶಕಗಳ ಕಾಲ ತನ್ನ ತಂತಿಗೆ ಬೇರೆಯವರ ಉಪಕರಣ ಜೋಡಿಸಲು ಬಿಡುತ್ತಿರಲಿಲ್ಲ. ಮಾತು ಪಕ್ಕದವರಿಗೆ ಕೇಳದಿರಲೆಂದು ರಿಸೀವರ್‌ಗೆ ಸಿಕ್ಕಿಸುವ ‘ಹಷ್-ಎ-ಫೋನ್’ ಎಂಬ ಸಣ್ಣ ಸಾಧನಕ್ಕೂ ಅದು ಅಡ್ಡಿ ಮಾಡಿತು. 1956ರಲ್ಲಿ ನ್ಯಾಯಾಲಯ ಆ ಸಾಧನದ ಪರ ತೀರ್ಪಿತ್ತಿತು. 1968ರಲ್ಲಿ ‘ಕಾರ್ಟರ್‌ಫೋನ್’ ಪ್ರಕರಣದಲ್ಲಿ ಅಲ್ಲಿನ ಸಂಪರ್ಕ ಆಯೋಗ, ಜಾಲಕ್ಕೆ ಹಾನಿ ಮಾಡದ ಉಪಕರಣವನ್ನು ಗ್ರಾಹಕ ಜೋಡಿಸಿಕೊಳ್ಳಬಹುದು ಎಂದಿತು. ಆನ್ಸರಿಂಗ್ ಮೆಷೀನ್, ಫ್ಯಾಕ್ಸ್, ಮೋಡೆಮ್‌ಗಳು ಮನೆಮನೆಗೆ ಬರಲು ದಾರಿಯಾದದ್ದು ಇದೇ. ಭಾರತದಲ್ಲಿಯೂ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ತಯಾರಾದ ಕಪ್ಪು ಫೋನು ಮನೆಯ ಮೇಜಿನ ಮೇಲಿದ್ದರೂ ಅದು ಇಲಾಖೆಯ ಸ್ವತ್ತಾಗಿದ್ದ ಕಾಲವನ್ನು ಹಿರಿಯರು ಬಲ್ಲರು.

ಇಂಟರ್‌ನೆಟ್ ಬಂದ ಮೇಲೆ ದೂರಸಂಪರ್ಕ ಕಂಪೆನಿಗಳಿಗೆ ಹೊಸ ಆಸೆ ಹುಟ್ಟಿತು. ಮನೆಯಲ್ಲಿ ಹೇಗೂ ತಮ್ಮದೊಂದು ಪೆಟ್ಟಿಗೆ ಇದೆ. ತಿಂಗಳ ಬಿಲ್ಲು ಇದೆ. ಕೆಟ್ಟರೆ ಬಂದು ನೋಡುವ ತಂತ್ರಜ್ಞರಿದ್ದಾರೆ. ಆ ಪೆಟ್ಟಿಗೆಯಿಂದಲೇ ಮನೆಯ ಕಾವಲು, ವಿದ್ಯುತ್ ಉಳಿತಾಯದಂಥ ಸೇವೆಗಳನ್ನೂ ಮಾರಬಾರದೇಕೆ? ಆದರೆ ಬಲ್ಬು, ಬಟ್ಟೆ ಒಗೆಯುವ ಯಂತ್ರ, ಬೀಗಗಳನ್ನು ತಯಾರಿಸುವವರು ಬೇರೆ ಬೇರೆ. ಒಬ್ಬೊಬ್ಬರ ಉಪಕರಣದ ಭಾಷೆಯೂ ಬೇರೆ.

ಈ ತೊಡಕಿಗೆ ಪರಿಹಾರ ಹುಡುಕಲು 1999ರಲ್ಲಿ ಎರಿಕ್ಸನ್, ಐ.ಬಿ.ಎಂ., ಸನ್ ಮೈಕ್ರೋಸಿಸ್ಟಮ್ಸ್ ಮೊದಲಾದ ಕಂಪೆನಿಗಳು ‘ಓ.ಎಸ್.ಜಿ.ಐ.’ ಎಂಬ ಕೂಟ ಕಟ್ಟಿದವು. ಮನೆಯ ಪೆಟ್ಟಿಗೆಯಲ್ಲಿ ಜಾವಾ ಭಾಷೆಯ ಒಂದು ಸಾಮಾನ್ಯ ತಳಹದಿ ಇರಲಿ. ಪ್ರತಿ ಉಪಕರಣಕ್ಕೂ ಒಂದೊಂದು ಸಣ್ಣ ತಂತ್ರಾಂಶದ ಕಟ್ಟು ಅದರ ಮೇಲೆ ಕೂರಲಿ. ಯಂತ್ರವನ್ನು ನಿಲ್ಲಿಸದೆಯೇ ಹೊಸ ಕಟ್ಟನ್ನು ದೂರದಿಂದ ಸೇರಿಸಲು, ಹಳೆಯದನ್ನು ತೆಗೆಯಲು ಬರಲಿ ಎಂಬುದು ಅದರ ಯೋಚನೆ. ಯೋಚನೆ ಚೆನ್ನಾಗಿತ್ತು, ಆದರೆ ಮನೆಗಳು ಸಿದ್ಧವಿರಲಿಲ್ಲ. ಅದಕ್ಕೆ ದೊಡ್ಡ ನೆಲೆ ಸಿಕ್ಕಿದ್ದು ಬೇರೆ ಕಡೆ. 2004ರಲ್ಲಿ ಪ್ರೋಗ್ರಾಮರ್‌ಗಳು ಬಳಸುವ ‘ಎಕ್ಲಿಪ್ಸ್’ ತಂತ್ರಾಂಶ ಅದೇ ತಳಹದಿಯ ಮೇಲೆ ನಿಂತಿತು.

ಆ ಯೋಚನೆ ಮನೆಗೆ ಮರಳಿ ಬಂದದ್ದು ಜರ್ಮನಿಯಲ್ಲಿ. 2010ರಲ್ಲಿ ಕಾಯ್ ಕ್ರಾಯ್ಟ್ಸರ್ ಎಂಬ ತಂತ್ರಜ್ಞ ‘ಓಪನ್‌ಹ್ಯಾಬ್’ ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದರು. ಅದರ ಕೋಡನ್ನು ಯಾರಾದರೂ ಓದಬಹುದು, ತಿದ್ದಬಹುದು, ತಮ್ಮ ಉಪಕರಣಕ್ಕೆ ಬೇಕಾದ ಭಾಗವನ್ನು ಸೇರಿಸಬಹುದು. ಅದರ ತಿರುಳೇ ಮುಂದೆ ‘ಎಕ್ಲಿಪ್ಸ್ ಸ್ಮಾರ್ಟ್‌ಹೋಮ್’ ಯೋಜನೆಯಾಯಿತು. ಒಂದು ಕಾಲದಲ್ಲಿ ಸರ್ಕಾರಿ ಅಂಚೆ ಇಲಾಖೆಯ ಭಾಗವಾಗಿದ್ದ ಡಾಯ್ಚ ಟೆಲಿಕಾಂ ಕಂಪೆನಿ ಈ ಯೋಜನೆಗೆ ಬೆಂಬಲ ಕೊಟ್ಟಿತು. ಕ್ರಾಯ್ಟ್ಸರ್ ಅಲ್ಲಿಯೇ ಕೆಲಸಕ್ಕೆ ಸೇರಿದರು. 2013ರಲ್ಲಿ ಕಂಪೆನಿ ‘ಕ್ವಿವಿಕಾನ್’ ಹೆಸರಿನಲ್ಲಿ ಗ್ರಾಹಕರ ಮುಂದೆ ಬಂತು. ಮೀಲೆ, ಸ್ಯಾಮ್‌ಸಂಗ್, ವಿದ್ಯುತ್ ಕಂಪೆನಿ ಇಎನ್‌ಬಿಡಬ್ಲ್ಯು ಮೊದಲಾದವರು ಪಾಲುದಾರರು. ಎಲ್ಲ ಉಪಕರಣವನ್ನೂ ತಾನೇ ಮಾರುವ ಬದಲು, ಎಲ್ಲರೂ ಬಂದು ಅಂಗಡಿ ಹೂಡುವ ಸಂತೆಮಾಳವನ್ನು ಟೆಲಿಕಾಂ ಕಂಪೆನಿ ಒದಗಿಸಿತು ಎನ್ನಬಹುದು.

ಅದೇ 2013ರಲ್ಲಿ ಎ.ಟಿ. ಅಂಡ್ ಟಿ. ಅಮೆರಿಕದಲ್ಲಿ ‘ಡಿಜಿಟಲ್ ಲೈಫ್’ ಎಂಬ ತನ್ನದೇ ಸೇವೆ ಆರಂಭಿಸಿತು. 2022ರಲ್ಲಿ ಅದು ನಿಂತುಹೋಯಿತು. ಇನ್ನೊಂದು ಉದಾಹರಣೆ ಟೆಲಿಕಾಂ ಕ್ಷೇತ್ರದ್ದಲ್ಲ, ಆದರೆ ಪಾಠ ಅದೇ. ‘ರಿವಾಲ್ವ್’ ಎಂಬ ಮನೆ ನಿಯಂತ್ರಣದ ಪೆಟ್ಟಿಗೆಯನ್ನು ಜನ ಸುಮಾರು 300 ಡಾಲರ್ ಕೊಟ್ಟು ಕೊಂಡಿದ್ದರು. 2014ರಲ್ಲಿ ಆ ಕಂಪೆನಿಯನ್ನು ಗೂಗಲ್ ಒಡೆತನದ ನೆಸ್ಟ್ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸೇವೆ ಮುಚ್ಚಿದಾಗ ಪೆಟ್ಟಿಗೆಗಳೆಲ್ಲ ನಿರುಪಯೋಗಿಯಾದವು. ಪೆಟ್ಟಿಗೆ ಕೆಟ್ಟಿರಲಿಲ್ಲ, ಅದರ ಬುದ್ಧಿಯೆಲ್ಲ ದೂರದ ಕಂಪ್ಯೂಟರ್‌ನಲ್ಲಿತ್ತು, ಅಷ್ಟೆ.

ಎಕ್ಲಿಪ್ಸ್ ಸ್ಮಾರ್ಟ್‌ಹೋಮ್ ಕಥೆ ಹಾಗಾಗಲಿಲ್ಲ. ಆ ಯೋಜನೆಯೂ ಸೊರಗಿತು. ಆದರೆ ಕೋಡು ಎಲ್ಲರ ಕೈಯಲ್ಲಿದ್ದುದರಿಂದ 2019ರಲ್ಲಿ ಓಪನ್‌ಹ್ಯಾಬ್ ಬಳಗ ಅದನ್ನು ಮತ್ತೆ ತನ್ನೊಳಗೆ ಸೇರಿಸಿಕೊಂಡು ಕೆಲಸ ಮುಂದುವರಿಸಿತು. 2022ರಲ್ಲಿ ಅಮೆಜಾನ್, ಆಪಲ್, ಗೂಗಲ್ ಸೇರಿ ಹಲವರು ಒಪ್ಪಿದ ‘ಮ್ಯಾಟರ್’ ಎಂಬ ಮಾನದಂಡ ಹೊರಬಂದು, ಉಪಕರಣಗಳ ಭಾಷಾಜಗಳಕ್ಕೂ ಒಂದಿಷ್ಟು ಮದ್ದು ಸಿಕ್ಕಿತು.

ಹಾಗೆಂದು ‘ಮುಕ್ತ’ ಎಂಬ ಮಾತಿಗೇ ಮರುಳಾಗಬೇಕಿಲ್ಲ. ಮುಕ್ತ ತಂತ್ರಾಂಶದ ಮೇಲೆ ಬೀಗ ಹಾಕಿದ ಪೆಟ್ಟಿಗೆಯನ್ನು ಕಟ್ಟಲು ಎಕ್ಲಿಪ್ಸ್ ಪರವಾನಗಿಯಲ್ಲಿ ಅವಕಾಶವಿದೆ. ಆಗ ಪೆಟ್ಟಿಗೆ ಪಾಲುದಾರ ಕಂಪೆನಿಗಳಿಗೆ ಮುಕ್ತ, ಮನೆಯವರಿಗೆ ಮುಚ್ಚಿದ್ದು. ಟೆಲಿಕಾಂ ಕಂಪೆನಿ ಇಂಥ ಸೇವೆಯೊಂದಿಗೆ ಮನೆಬಾಗಿಲಿಗೆ ಬಂದಾಗ ಗ್ರಾಹಕ ಕೇಳಬೇಕಾದ ಪ್ರಶ್ನೆ ತಿಂಗಳ ಬಾಡಿಗೆ ಎಷ್ಟೆಂಬುದು ಮಾತ್ರವಲ್ಲ. ಇಂಟರ್‌ನೆಟ್ ಕಡಿದಾಗ ದೀಪದ ಸ್ವಿಚ್ಚು ಕೆಲಸ ಮಾಡುತ್ತದೆಯೇ, ಕಂಪೆನಿ ಸೇವೆ ನಿಲ್ಲಿಸಿದರೆ ಅದೇ ಉಪಕರಣಗಳನ್ನು ಬೇರೆ ಪೆಟ್ಟಿಗೆಗೆ ಜೋಡಿಸಲು ಬರುತ್ತದೆಯೇ ಎಂದೂ ಕೇಳಬೇಕು. 1968ರ ತೀರ್ಪು ಗ್ರಾಹಕನಿಗೆ ಕೊಟ್ಟ ಹಕ್ಕು ಇಂದಿನ ಸ್ಮಾರ್ಟ್ ಮನೆಯಲ್ಲೂ ಉಳಿದಿದೆಯೇ ಎಂಬುದು ಆ ಉತ್ತರದಿಂದ ತಿಳಿಯುತ್ತದೆ.