ಹಳೇ ವಿಡಿಯೋ ಗೇಮ್ ಓಡುತ್ತಿಲ್ಲವೇ? ಊದಬೇಡಿ, ಒರೆಸಿ ನೋಡಿ

ಹೊಸೂರು: ಅಟ್ಟದ ಮೇಲಿರುವ ಹಳೇ ವಿಡಿಯೋ ಗೇಮ್ ಕೆಟ್ಟುಹೋಗಿದೆ ಎಂದು ಗುಜರಿಗೆ ಹಾಕುವ ಮುನ್ನ ಒಂದು ಮಾತು. ಎಷ್ಟೋ ಸಲ ಕೆಟ್ಟಿರುವುದು ಗೇಮ್ ಅಲ್ಲ, ಕ್ಯಾಸೆಟ್ಟಿನ ತಾಮ್ರದ ಹಲ್ಲಿಗೆ ಹಿಡಿದ ಕಿಲುಬು.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಆಟದ ಯಂತ್ರ ತಂದಿತು. ನಮ್ಮ ಕಡೆ ಮಕ್ಕಳು ಮಾರಿಯೋ, ಕಾಂಟ್ರಾ ಆಡಿದ ಸಮುರಾಯ್, ಲಿಟ್ಲ್ ಮಾಸ್ಟರ್ ಮುಂತಾದವು ಅದೇ ಜಾತಿಯವು. ಮೂಲ ಯಂತ್ರದ ತಯಾರಿಕೆ 2003ರಲ್ಲಿ ನಿಂತಿತು, ಕಂಪನಿಯ ರಿಪೇರಿ ಸೇವೆ 2007ರಲ್ಲಿ ಮುಗಿಯಿತು. ಹೆಸರಿಲ್ಲದ ನಕಲಿ ಯಂತ್ರಗಳಿಗಂತೂ ಸರ್ವೀಸ್ ಕೇಳುವ ಹಾಗೇ ಇಲ್ಲ. ಹೀಗಾಗಿ ಇನ್ನೇನಿದ್ದರೂ ಮನೆಯವರು, ಇಲ್ಲವೇ ಊರಿನ ಟಿವಿ ಮೆಕ್ಯಾನಿಕ್ಕೇ ಗತಿ.

ಈ ಕ್ಯಾಸೆಟ್ಟಿನ ಬಾಯಲ್ಲಿ ಒಂದೊಂದು ಬದಿಗೆ 30ರಂತೆ ಒಟ್ಟು 60 ಹಲ್ಲುಗಳಿರುತ್ತವೆ. ಮುಖ್ಯವಾದ ಒಂದು ಹಲ್ಲು ಸರಿಯಾಗಿ ತಾಗದಿದ್ದರೂ ಪರದೆ ಕಪ್ಪಾಗಬಹುದು, ಇಲ್ಲವೇ ಚಿತ್ರ ಚೌಕಚೌಕವಾಗಿ ಒಡೆಯಬಹುದು. ಆಗ ಎಲ್ಲರೂ ಮಾಡುತ್ತಿದ್ದುದು ಒಂದೇ: ಕಿತ್ತು, ಬಾಯಿಂದ ಊದಿ, ಮತ್ತೆ ಹಾಕುವುದು. ಆಟ ಬರುತ್ತಿದ್ದುದೂ ನಿಜ. ಆದರೆ ಅದು ಊದಿದ್ದರಿಂದಲ್ಲ, ಕಿತ್ತು ಹಾಕಿದಾಗ ಹಲ್ಲು ಸರಿಯಾಗಿ ಕೂತಿದ್ದರಿಂದ. ಉಸಿರಿನ ತೇವ ಕಿಲುಬನ್ನು ಇನ್ನಷ್ಟು ಬೆಳೆಸುತ್ತದೆ.

ಕ್ಯಾಸೆಟ್ ಬಿಚ್ಚಿ, ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ತೆಗೆಯಿರಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯವರು ಇದನ್ನು 'ಐಪಿಎ' ಎನ್ನುತ್ತಾರೆ. ಬೇಗ ಹೊತ್ತಿಕೊಳ್ಳುವ ವಸ್ತು, ಒಲೆ ದೀಪದಿಂದ ದೂರವಿರಲಿ. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಒರೆಸಬೇಕು. ಉಪ್ಪುಕಾಗದ, ತಮಿಳಿನಲ್ಲಿ ಉಪ್ಪುತ್ತಾಳ್ ಅಂತೀವಲ್ಲ, ಅದನ್ನು ಮಾತ್ರ ಮುಟ್ಟಬೇಡಿ. ಮೇಲಿನ ಲೇಪ ಒಮ್ಮೆ ಹೋದರೆ ತಾಮ್ರ ಬೇಗ ಬೇಗ ಕಪ್ಪಾಗುತ್ತದೆ. ಯಂತ್ರದ ಸ್ಲಾಟಿಗೆ ಬೇರೆ ಸಾಮಾನು ಬೇಡ. ಕರೆಂಟ್ ತೆಗೆದು, ಆಲ್ಕೊಹಾಲ್ ಸವರಿದ ಕ್ಯಾಸೆಟ್ಟನ್ನೇ ನಾಲ್ಕಾರು ಸಲ ಹಾಕಿ ತೆಗೆದರೆ ಸಾಕು. ಪೂರ್ತಿ ಒಣಗಿದ ಮೇಲಷ್ಟೇ ಸ್ವಿಚ್ ಹಾಕಿ.

ಕೆಂಪು ದೀಪವೇ ಹತ್ತದಿದ್ದರೆ? ಮೊದಲು ಅಡಾಪ್ಟರ್ ನೋಡಿ. ಕಳೆದುಹೋದದ್ದರ ಬದಲು ಕೈಗೆ ಸಿಕ್ಕಿದ್ದನ್ನು ಚುಚ್ಚಿ ಸುಟ್ಟ ಯಂತ್ರಗಳೇ ಬಹಳ. ವೋಲ್ಟ್ ಸರಿ ಇದ್ದರೆ ಸಾಲದು, ಪಿನ್ನಿನ ಒಳಗಡೆ ಪ್ಲಸ್ಸೋ ಮೈನಸ್ಸೋ ಎಂಬುದೂ ಯಂತ್ರದ ಮೇಲೆ ಬರೆದಂತೆಯೇ ಇರಬೇಕು. ಅಡಾಪ್ಟರ್ ಸರಿಯಿದ್ದರೆ ಒಳಗಿನ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಪರೀಕ್ಷಿಸಿ. ಅದರ ಮೂರನೇ ಕಾಲಿನಲ್ಲಿ 5 ವೋಲ್ಟ್ ಬರದಿದ್ದರೆ ಅದನ್ನೂ, ತಲೆ ಉಬ್ಬಿದ ಕೆಪಾಸಿಟರ್ ಇದ್ದರೆ ಅದನ್ನೂ ಬದಲಿಸಬೇಕು. ಎರಡೂ ಅಗ್ಗದ ಭಾಗಗಳು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಆದರೆ ಬೋರ್ಡಿನ ಮೇಲೆ ಕಪ್ಪು ಅಂಟಿನ ಉಂಡೆಯಂತೆ ಕಾಣುವುದೇ ಮುಖ್ಯ ಚಿಪ್. ಅದು ಸತ್ತಿದ್ದರೆ ರಿಪೇರಿಗೆ ದುಡ್ಡು ಸುರಿಯುವುದು ದಂಡ.

ಬಾತುಕೋಳಿ ಹೊಡೆಯುವ ಗನ್ ಮಾತ್ರ ಎಲ್‌ಸಿಡಿ, ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡದು. ಅದಕ್ಕೆ ಪಿಕ್ಚರ್ ಟ್ಯೂಬಿನ ಟಿವಿಯೇ ಬೇಕು. ತಮಿಳುನಾಡು ಸರಕಾರ 2006ರಿಂದ ಪುಕ್ಕಟೆ ಹಂಚಿದ ಬಣ್ಣದ ಟಿವಿ ತಳಿ, ಡೆಂಕಣಿಕೋಟೆ, ಬಾಗಲೂರು ಕಡೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ಈಗ ಇಳಿಸಬಹುದು. ಅದರ ಹಿಂಭಾಗ ಬಿಚ್ಚುವುದು ಮಾತ್ರ ಬೇಡ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಹೈವೋಲ್ಟೇಜ್ ಉಳಿದಿರುತ್ತದೆ, ಆ ಕೆಲಸ ಟಿವಿ ಮೆಕ್ಯಾನಿಕ್‌ಗೇ ಬಿಡಿ.